ಸೂರು ಬಿದ್ದಲ್ಲಿಂದ ಬಂದ ಬಿಸಿಲು

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಸಂಪತ್ಕುಮಾರ್, ಭಾನುವಾರ ಬಂತೆಂದರೆ ಸೈಕಲ್ಲಿಗೆ ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿಮೈಸೂರಿನ ದಾರಿ ಹಿಡಿಯುತ್ತಿದ್ದರು. ಆ ಕಡೆಯ ಒಂದು ಊರಿನ ಕೆರೆ ಏರಿಯ ಕೆಳಗೆ ಹಳೆಯ ಈಶ್ವರನ ಗುಡಿ ಪಾಳುಬಿದ್ದಿತ್ತು. ಮುಂದೆ ಹುಣಸೆಮರದ ಕತ್ತಲು, ಹಿಂದೆ ದೂರದ ಗುಡ್ಡದ ತೆಳು ನೀಲಿ. ನಡುವೆ, ಕುಸಿದ ಸೂರಿನಿಂದ ಸಂಜೆಯ ಬಿಸಿಲು ಇಳಿದು ಹೊಸ್ತಿಲ ಮೇಲೆ ಕೂರುತ್ತಿತ್ತು. ನೋಡುವವರ ಕಣ್ಣು ಕತ್ತಲಿನಿಂದ ಹೊರಟು ಗುಡ್ಡ ಸೇರುವ ಮುಂಚೆ ಆ ಹೊಸ್ತಿಲಲ್ಲಿ ಒಂದು ಗಳಿಗೆ ದಣಿವಾರಿಸಿಕೊಳ್ಳಬೇಕು ಎಂಬುದು ಅವರ ಆಸೆ. ಅದಕ್ಕೇ, ಹುಲ್ಲಿನ ಹೊರೆ ಇಳಿಸಿ ಅಲ್ಲಿ ಕೂರುತ್ತಿದ್ದ ಬೆಟ್ಟಮ್ಮನನ್ನೂ ಹೆಬ್ಬೆರಳಿನಷ್ಟು ಬರೆದರು.

"ಇನ್ನೂ ಮುಗೀಲಿಲ್ವೇ ನಿಮ್ಮ ಬಿಸಿಲು?" ಎಂದು ಹೆಂಡತಿ ಸರಸ ಕೇಳಿದರೆ, "ಬೇಗ ಎದ್ದು ಹೋಗುತ್ತೆ ಕಣೇ ಅದು" ಎನ್ನುತ್ತಿದ್ದರು.

ತೊಂಬತ್ತೇಳರ ಶಾಲಾ ವಾರ್ಷಿಕೋತ್ಸವದಲ್ಲಿ ಕೊನೆಗೂ ಚಿತ್ರ ತೂಗುಹಾಕಿದರು. ಆ ಊರಿನ ಹಿರಿಯ ನಂಜಪ್ಪ, ಬೆಟ್ಟಮ್ಮನನ್ನೂ ಕರೆದುಕೊಂಡು ನೋಡಲು ಬಂದ.

"ನಾನೇ ಕಣಪ್ಪ ಇದು. ಸೀರೆ ಮಾತ್ರ ಯಾರ್ದೋ" ಎಂದಳು ಬೆಟ್ಟಮ್ಮ. "ಇಂಥ ಕೆಂಪು ಸೀರೆ ನನ್ನತ್ರ ಎಲ್ಲೈತೆ?"

ನಂಜಪ್ಪ ನಗಲಿಲ್ಲ. "ನಮ್ಮೂರ ದೇವ್ರು ಬಿಸ್ಲಲ್ಲಿ ಕೂತವ್ನೆ ಅಂತ ಎಲ್ರಿಗೂ ತೋರ್ಸ್ದಂಗಾಯ್ತಲ್ಲ ಸಾ" ಎಂದ. ಆಕ್ಷೇಪಣೆಯಲ್ಲ ಅದು, ತಲೆ ತಗ್ಗಿಸಿಯೇ ಹೇಳಿದ.

ಮುಂದಿನ ಬೇಸಿಗೆಯಲ್ಲಿ ಊರೆಲ್ಲ ಸೇರಿ ಗುಡಿಗೆ ಕಾಂಕ್ರೀಟ್ ಸೂರು ಹಾಕಿಸಿತು. ಕಂಬಗಳಿಗೆ ಹಳದಿ ಪೇಂಟು ಬಳಿದರು. ಪೂಜೆಯ ದಿನ ಮೇಷ್ಟ್ರನ್ನು ಕರೆಸಿ ಶಾಲು ಹೊದಿಸಿದರು. ದೀಪವನ್ನೇ ಕಾಣದಿದ್ದ ಲಿಂಗದ ಮುಂದೆ ಬೆಟ್ಟಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಸ್ತಿಲ ಬಿಸಿಲು ಹೋಯಿತೆಂದು ಅವಳ ಮುಂದೆ ಹೇಗೆ ಹೇಳುವುದು? ಮೇಷ್ಟ್ರು ಕೈ ಮುಗಿದು ನಿಂತರು.

"ಇನ್ನೊಂದ್ ಕೆಲ್ಸ ಐತೆ ಸಾ" ಎಂದ ನಂಜಪ್ಪ. "ನಿಮ್ ಚಿತ್ರನ ಗುಡಿಯೊಳ್ಗೇ ಆಕ್ತೀವಿ. ಒಸಿ ರಿಪೇರಿ ಮಾಡ್ಕೊಡಿ. ಸೂರು ಮುಚ್ಬುಡಿ, ಅಷ್ಟೇಯ."

"ಅದು ಹಾಗೇ ಇರಲಿ ನಂಜಪ್ಪನೋರೇ. ನಮ್ಮನೇಲೇ ಇಟ್ಕೋತೀನಿ."

"ಎಲ್ಲಾರ ಉಂಟಾ? ನಿಮ್ಮಿಂದ್ಲೇ ಸಾ ಗುಡಿ ಎದ್ದಿದ್ದು. ಪಾಳು ಗುಡಿ ಪಟನ ದೇವ್ರ ಮುಂದೆ ಆಕಕಾಯ್ತದಾ, ನೀವೇ ಏಳಿ."

"ಕೊಡಿ ಮೇಷ್ಟ್ರೇ" ಎಂದಳು ಬೆಟ್ಟಮ್ಮ. "ನಾನು ಸತ್ಮ್ಯಾಲೂ ಇಲ್ಲೇ ಕೂತಿರ್ತೀನಿ."

ಮೇಷ್ಟ್ರು ಆಗಲೆಂದು ತಲೆಯಾಡಿಸಿಬಿಟ್ಟರು.

ಮರುದಿನ ಕಿಟಕಿಯ ಬಳಿ ಚಿತ್ರ ಇಟ್ಟುಕೊಂಡು, ಆಕಾಶ ಕಾಣುತ್ತಿದ್ದ ಜಾಗವನ್ನು ಬೂದು ಬಣ್ಣದಿಂದ ಮುಚ್ಚಿದರು. ಮುಚ್ಚಿದ ಮೇಲೆ ಹೊಸ್ತಿಲ ಬಿಸಿಲು ಸುಳ್ಳಾಯಿತು, ಅದನ್ನೂ ಅಳಿಸಬೇಕಾಯಿತು. ಕಣ್ಣು ಈಗ ಹುಣಸೆಯ ಕತ್ತಲಿನಿಂದ ನೇರ ಗುಡ್ಡಕ್ಕೇ ಹೋಗಿಬಿಡುತ್ತಿತ್ತು. ನಡುವೆ ಬೆಟ್ಟಮ್ಮನ ಸೀರೆಯೊಂದೇ ಉರಿಯುತ್ತಿತ್ತು.

ಕಾಫಿ ತಂದ ಸರಸ ನೋಡುತ್ತಾ ನಿಂತಳು. "ಸೀರೇನಾದ್ರೂ ಬಿಡಿ."

"ಬಿಸಿಲೇ ಇಲ್ದೆ ಅಷ್ಟು ಕೆಂಪು ಎಲ್ಲಿಂದ ಬರುತ್ತೆ?"

"ಯಾರು ಕೇಳ್ತಾರೆ ಅದನ್ನ?"

ಮೇಷ್ಟ್ರು ಕಾಫಿ ಆರುವವರೆಗೂ ಕುಂಚ ಹಿಡಿದು ಕೂತಿದ್ದರು. ಆಮೇಲೆ ಕೆಂಪಿಗೆ ಮಣ್ಣಿನ ಬಣ್ಣ ಬೆರೆಸಿದರು. ಬೆಟ್ಟಮ್ಮ ದಿನಾ ಉಡುತ್ತಿದ್ದ ಸೀರೆಯ ಬಣ್ಣ ಬಂತು.