ಯಜಮಾನರ ತಿಂಡಿ

ಬ್ಯಾಂಕಿನವರು ನನ್ನನ್ನು ವಡೋದರಕ್ಕೆ ವರ್ಗ ಮಾಡಿದ ಮೇಲೆ ನನಗೆ ಚಾರಣದ ಹುಚ್ಚು ಹಿಡಿಯಿತು. ಅಹಮದಾಬಾದ್, ವಡೋದರ, ಸೂರತ್‌ಗಳ ಕನ್ನಡದವರು ಸೇರಿ ವರ್ಷಕ್ಕೊಮ್ಮೆ ಹಿಮಾಲಯಕ್ಕೆ ಹೋಗುವ ಗುಂಪಿಗೆ ಬರಬರುತ್ತಾ ನಾನೇ ಮುಂದಾಳಾದೆ. ಬೈದು ಎಬ್ಬಿಸುವವರು ಯಾರಾದರೂ ಬೇಕಿತ್ತು. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಆ ಸಲ ಸೂರತ್‌ನ ಅಡಾಜಣ್‌ನಲ್ಲಿ ಉಡುಪಿ ಹೋಟೆಲ್ ನಡೆಸುವ ಯಜಮಾನರೊಬ್ಬರು ಬಂದಿದ್ದರು. ಅರವತ್ತರ ಹತ್ತಿರದ ವಯಸ್ಸು. ಗಲ್ಲಾಪೆಟ್ಟಿಗೆಯ ಹಿಂದೆ ಹಿಮದ ಬೆಟ್ಟದ ಕ್ಯಾಲೆಂಡರ್ ತೂಗುಹಾಕಿಕೊಂಡೇ ಜೀವನ ಕಳೆದವರು. ಒಮ್ಮೆ ಕಣ್ಣಾರೆ ನೋಡಿ ಬನ್ನಿ ಎಂದು ಹೆಂಡತಿಯೇ ಹೊರಡಿಸಿದ್ದರಂತೆ. ಮೊಣಕಾಲಿನ ಸ್ಥಿತಿ ನೋಡಿದರೆ ಇನ್ನೊಂದು ಸಲ ಬರುವ ಮಾತಿರಲಿಲ್ಲ.

ಡೇರೆಯಲ್ಲಿ ಅವರ ವರಸೆಯೇ ಬೇರೆ. ಉಪ್ಪಿಟ್ಟು ಒಲೆಯಿಂದ ಇಳಿಯುವಷ್ಟರಲ್ಲಿ ಸೌಟು ಅವರ ಕೈಗೆ ಬಂದಿರುತ್ತಿತ್ತು. "ಇನ್ನು ಸ್ವಲ್ಪ ಹಾಕ್ಲಾ?" ಎಂದು ಎಲ್ಲರ ತಟ್ಟೆಗೂ ಬಗ್ಗುತ್ತಿದ್ದರು. ನಾವು ಬೀಗರಂತೆ ಕೂತು ಬಡಿಸಿಕೊಂಡೆವು.

ತುದಿಗೆ ಹತ್ತುವ ದಿನ ನಸುಕಿನಲ್ಲೇ ಎಲ್ಲರನ್ನೂ ಹೊರಡಿಸಿದೆ. ಮಧ್ಯಾಹ್ನ ಮೋಡ ಕವಿಯುವುದರಿಂದ, ಹಿಂದೆ ಬಿದ್ದವರನ್ನು ಕೆಳಗೆ ಕಳಿಸುವುದು ನನ್ನ ನಿಯಮ. ಅರ್ಧ ದಾರಿಯಲ್ಲಿ ಯಜಮಾನರು ಬಂಡೆಗೆ ಒರಗಿ ಕೂತುಬಿಟ್ಟರು. ತಲೆನೋವಿಲ್ಲ, ವಾಕರಿಕೆಯಿಲ್ಲ, ಕಾಲು ಮಾತ್ರ ಏಳುತ್ತಿಲ್ಲ. ಅವರ ಕಣ್ಣು ಮೇಲಿನ ಹಿಮದಲ್ಲೇ ನೆಟ್ಟಿತ್ತು. ಇಳಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

"ಬೆಳಿಗ್ಗೆ ಏನು ತಿಂದ್ರಿ, ಯಜಮಾನ್ರೇ?"

"ಎಲ್ಲರದ್ದೂ ಆಗ್ಲಿ ಅಂತ ಕಾದೆ. ಅಷ್ಟರಲ್ಲಿ ನೀವು ಸೀಟಿ ಊದಿದ್ರಿ."

"ರಾತ್ರಿ?"

"ಒಂದು ಗ್ಲಾಸ್ ಹಾಲು. ಗಿರಾಕಿಗಳದ್ದು ಆಗದೆ ನಾನು ಹೇಗೆ ತಿನ್ನುದು, ಮೇಡಂ?"

ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಎಲ್ಲರಿಗೂ ಕೂರಲು ಹೇಳಿದೆ. ಚೀಲಗಳಿಂದ ಮೆಂತ್ಯದ ರೊಟ್ಟಿಯಂಥ ಥೇಪ್ಲಾ, ಗರಿಗರಿ ಖಾಖ್ರಾ, ಚಟ್ನಿಪುಡಿ ಹೊರಬಂದವು. ಗುಜರಾತಿನಲ್ಲಿ ನೆಲೆಸಿದವರ ಚೀಲದಲ್ಲಿ ಸ್ವೆಟರ್ ಇಲ್ಲದಿದ್ದರೂ ಥೇಪ್ಲಾ ಇರುತ್ತದೆ. ಯಜಮಾನರು ಕೂಡಲೇ ಹಂಚಲು ಕೈ ಚಾಚಿದರು. ನಾನು ಡಬ್ಬಿ ಕಸಿದುಕೊಂಡೆ.

"ಇವತ್ತು ಹೋಟೆಲ್ ನಂದು. ನೀವು ತಿನ್ನೋವರೆಗೂ ಇಲ್ಲಿ ಯಾರೂ ತಿನ್ನಲ್ಲ."

ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದು ಕನ್ನಡವನ್ನು ತಡವರಿಸುತ್ತಾ ಆಡುವ ಕಾಲೇಜು ಹುಡುಗಿಯೊಬ್ಬಳು ಅವರ ಮುಂದೆ ಕಾಗದ ಹಾಸಿ, "ಕಾಕಾ, ಆರ್ಡರ್ ಏನು?" ಎಂದಳು. ಅವರು ತಲೆ ತಗ್ಗಿಸಿಕೊಂಡು, ತಪ್ಪು ಮಾಡುತ್ತಿರುವವರಂತೆ ಮೊದಲ ತುತ್ತು ನುಂಗಿದರು. ಆಮೇಲಿನ ತುತ್ತುಗಳು ಸಲೀಸಾಗಿ ಇಳಿದವು. ನಾವೆಲ್ಲ ಹಸಿದುಕೊಂಡೇ ಅದನ್ನು ನೋಡುತ್ತಾ ಕೂತೆವು. ನನಗಂತೂ ಬಹಳ ಖುಷಿಯಾಯಿತು.

ಮುಖಕ್ಕೆ ಕಳೆ ಬಂದ ಮೇಲೆ ಅವರನ್ನೇ ಸಾಲಿನ ಮುಂದೆ ನಡೆಸಿದೆ. ಮೋಡ ಬರುವ ಮೊದಲೇ ತುದಿ ಮುಟ್ಟಿದೆವು. ಅವರು ಹಿಮವನ್ನು ಬೊಗಸೆಯಲ್ಲಿ ಹಿಡಿದು, ಅಲ್ಲೇ ನಿಂತು ಅತ್ತರು.

ಕೆಳಗಿನ ಹಳ್ಳಿಗೆ ಬಂದು ಸಿಗ್ನಲ್ ಸಿಕ್ಕಿದ್ದೇ ಹೆಂಡತಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳುತ್ತಿತ್ತು.

"ಬೆಟ್ಟ ಹೇಗುಂಟು?"

"ಬೆಟ್ಟ ಚಂದ ಉಂಟು. ಅದು ಬಿಡು ಮಾರಾಯ್ತಿ, ಇವರು ನನ್ನನ್ನು ಕೂರಿಸಿ ಬಡಿಸಿದ್ರು. ನಾನು ತಿಂದ ಮೇಲೆಯೇ ಇವರು ತಿಂದದ್ದು."

ಆ ಕಡೆಯಿಂದ ಹೆಂಡತಿ ನಕ್ಕರು. "ಒಳ್ಳೇದಾಯ್ತು. ನೀವು ಇಲ್ಲದ ಕಾರಣ ನಾನೂ ಈ ವಾರ ಹೊತ್ತಿಗೆ ಸರಿಯಾಗಿ ಊಟ ಮಾಡಿದೆ."

ಯಜಮಾನರು ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿದರು.

"ನೀನು ನನಗೆ ಕಾಯ್ತಾ ಇದ್ದದ್ದಾ, ಇಷ್ಟು ವರ್ಷ?" ಎಂದರು.