ಅದಲುಬದಲಾದ ಎರಡು ಕುಡಿಕೆ

ಮಸ್ಕಿಯ ಕರಿಬಸಯ್ಯ ಬಂಡೆ ಒಡೆದು ಊರಿಗೆ ಬಾವಿ ತೋಡಿಸಿದ ಗಟ್ಟಿಗ. ಅವನ ಮಗ ಮರಿಸ್ವಾಮಿ, ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲದ ಗುಡಿಸಲು ಸೇರಿದಾಗ, ಬಿದ್ದುಕೊಂಡವರ ಬಾಯಿಗೆ ಗಂಜಿ ಬಿಡಲು ಒಬ್ಬನೇ ಹಿಂದೆ ಉಳಿದವನು. ಈ ಮರಿಸ್ವಾಮಿಯ ಕಿರಿಮಗಳೇ ಡಾಕ್ಟರ್ ಕಸ್ತೂರೆಮ್ಮ. ತಾತನ ಹಟ, ಅಪ್ಪನ ಒಂಟಿತನ, ಎರಡೂ ಆಕೆಯ ಪಾಲಿಗೆ ಬಂದಿದ್ದವು.

ಆಕೆಯ ಅಕ್ಕ ಪಂಪಮ್ಮ ಸಿಂಧನೂರಿನ ಗಂಡನ ಮನೆಯಲ್ಲಿ, ತುಂಬಿದ ಬಸುರಿ, ಮುಖ ಕಾಲು ಬಾತು ಸೆಳೆತ ಬಂದು ತೀರಿಕೊಂಡಿದ್ದಳು. ಮನೆಯವರು ಗಾಳಿ ಸೋಕಿತು ಎಂದು ಸುಮ್ಮನಾದರು, ತಂಗಿ ಸುಮ್ಮನಾಗಲಿಲ್ಲ. ಹೈದರಾಬಾದಿನಲ್ಲಿ ಓದುವಾಗ ದೊಡ್ಡ ಡಾಕ್ಟರರನ್ನು ಕೇಳಿದಳು. ಕಾರಣ ಅವರಿಗೂ ಪೂರ್ತಿ ತಿಳಿದಿರಲಿಲ್ಲ. ತಾಯಿಗೂ ಕೂಸಿಗೂ ನಡುವೆ ಇರುವುದು, ಹೆತ್ತ ಮೇಲೆ ಬೀಳುವ ಮಾಸು, ಉತ್ತರ ಅದರಲ್ಲೇ ಇರಬೇಕು ಎಂದು ಆಕೆಗೆ ಆಗ ಹೊಳೆಯಿತು. ನಿಜಾಮರ ಆಳ್ವಿಕೆ ಮುಗಿದ ವರ್ಷ ಮಸ್ಕಿಗೆ ಮರಳಿ ಸಣ್ಣದೊಂದು ದವಾಖಾನೆ ತೆರೆದಳು.

ನಮ್ಮ ಸೀಮೆಯಲ್ಲಿ ಮಾಸು ಪರರ ಕೈಗೆ ಕೊಡುವ ವಸ್ತುವಲ್ಲ. ಜಂಗಮರ ಮನೆಯಿರಲಿ, ಸಾಬರ ಮನೆಯಿರಲಿ, ಕುಡಿಕೆಯಲ್ಲಿಟ್ಟು, ಉಪ್ಪು ಬೇವಿನಸೊಪ್ಪು ಹಾಕಿ, ತಮ್ಮ ಬಚ್ಚಲ ಮಗ್ಗುಲಲ್ಲೇ ಹೂಳುತ್ತಿದ್ದರು. ಕೂಸಿನ ಬೇರು ಆ ನೆಲದಲ್ಲಿ ಎಂಬ ನಂಬಿಕೆ. ಕಸ್ತೂರೆಮ್ಮ ಮನೆಮನೆಯ ಹೊಸ್ತಿಲಲ್ಲಿ ಕೂತು ಬೇಡಿದಳು. ಹೊತ್ತು ಮುಳುಗುವುದರೊಳಗೆ ಕುಡಿಕೆ ತಿರುಗಿ ಬರಬೇಕು, ಚೂರೂ ಉಳಿಸಿಕೊಳ್ಳಬಾರದು ಎಂಬ ಮಾತಿನ ಮೇಲೆ ಕೆಲವರು ಒಪ್ಪಿದರು. ಆಕೆ ತೂಗಿ, ಕೊಯ್ದು, ಭೂತಗನ್ನಡಿ ಹಿಡಿದು ನೋಡಿ, ಚಿತ್ರ ಬರೆದು, ಹೊಲಿದು ಕಳಿಸುತ್ತಿದ್ದಳು.

ಮೂರನೆಯ ವರ್ಷ ಒಂದೇ ದಿನ ಎರಡು ಹೆರಿಗೆ. ಜಂಗಮರ ಮನೆಯ ಸೊಸೆ ಸಂಗಮ್ಮನಿಗೆ ಸೆಳೆತ ಬಂದು, ಹೇಗೋ ಬದುಕಿದ್ದಳು. ಪಿಂಜಾರ ಬಾಬುಸಾಬನ ಹೆಂಡತಿ ಲಾಲ್‌ಬೀ ನಗುನಗುತ್ತ ಹೆತ್ತಿದ್ದಳು. ಕಾಯಿಲೆಯದು, ಆರೋಗ್ಯದ್ದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಭಾಗ್ಯ ಅದೇ ಮೊದಲು. ಸಂಗಮ್ಮನ ಮಾಸು ಸಣ್ಣದು, ಕೊಯ್ದಲ್ಲೆಲ್ಲ ಬಿಳಿಚಿದ ಗಟ್ಟಿ ಗಂಟು; ರಕ್ತ ಹರಿಯುವ ದಾರಿಯೇ ಕಟ್ಟಿತ್ತು. ಲಾಲ್‌ಬೀಯದು ಕೆಂಪಗೆ, ಮೆತ್ತಗೆ. ಅಕ್ಕ ಯಾಕೆ ಸತ್ತಳೆಂಬುದು ಕಣ್ಣೆದುರು ಬಿಚ್ಚಿಕೊಂಡಂತಾಗಿ ಕಸ್ತೂರೆಮ್ಮನಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ.

ಕುಂಬಾರ ಮಾಡಿದ ಕುಡಿಕೆಗಳು ಒಂದರಂತೆ ಒಂದು. ಬಾಬುಸಾಬ ತನ್ನದನ್ನು ಎತ್ತಿಕೊಂಡು ನಕ್ಕ. “ಇಷ್ಟು ಹಗೂರ ಐತಲ್ರೀ ಡಾಕ್ಟರಮ್ಮ. ನನ್ನ ಮಗ ಒಳಗಿದ್ದದ್ದೆಲ್ಲಾ ತಿಂದು ಬಂದಾನೇನ?”

ತಾಟು ತೊಳೆಯುವಾಗ ಆ ಮಾತು ನೆನಪಾಯಿತು; ಹಗುರವಾದದ್ದು ಸಂಗಮ್ಮನ ಮಾಸು, ಕುಡಿಕೆ ಅದಲುಬದಲಾಗಿತ್ತು. ಅಷ್ಟರಲ್ಲಿ ಎರಡೂ ಮನೆಯಲ್ಲಿ ಮಣ್ಣು ಮುಚ್ಚಿಯಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ನಡೆಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಂಬಿ ಕೊಟ್ಟವರು ಅವರು. ಆಕೆ ಎದ್ದು ಎರಡೂ ಮನೆಗೆ ಹೋಗಿ ಹೇಳಿಬಿಟ್ಟಳು.

ಕುಡಿಕೆ ಅಗೆದು ಬದಲಿಸಿದರು. ಲಾಲ್‌ಬೀ ನಕ್ಕು ಬಿಟ್ಟಳು. ಸಂಗಮ್ಮನ ಅತ್ತೆ ಮಾತ್ರ ಮಸ್ಕಿಯಿಂದ ಲಿಂಗಸುಗೂರಿನ ಸಂತೆಯವರೆಗೂ ಸುದ್ದಿ ಹಬ್ಬಿಸಿದಳು. ಅಲ್ಲಿಂದ ಮುಂದೆ ಜ್ವರ ಕೆಮ್ಮಿಗೆ ಜನ ಬಂದರು, ಕುಡಿಕೆ ಬರಲಿಲ್ಲ. ಆಕೆ ದಾರಿಯಲ್ಲಿ ಎದುರಾದರೆ ಬಸುರಿಯರು ಸೆರಗು ಮುಂದೆಳೆದುಕೊಂಡು ಓಣಿ ಬದಲಿಸುತ್ತಿದ್ದರು. ಆಕೆ ಕಳಿಸಿದ ಚಿತ್ರ ನೋಡಿ, ಇಂಥ ಇನ್ನಷ್ಟು ಮಾಸು ನೋಡದೆ ಯಾರೂ ಒಪ್ಪಲಾರರೆಂದು ಹೈದರಾಬಾದಿನ ಗುರುಗಳು ಹೇಳಿ ಕಳಿಸಿದರು. ಸಂಜೆಯಾದರೆ ಆಕೆ ಭೂತಗನ್ನಡಿ ಒರೆಸಿ, ಮತ್ತೆ ಅರಿವೆಯಲ್ಲಿ ಸುತ್ತಿಡುವಳು. ಮಾತಿಗೆ ಜನವಿರಲಿಲ್ಲ.

ಸಿಂಧನೂರಿನ ಕಡೆ ಕಾಲುವೆ ನೀರು ಬಂತು, ಹೈದರಾಬಾದು ರಾಜ್ಯ ಒಡೆದು ಕನ್ನಡ ನಾಡು ಒಂದಾಯಿತು. ಆ ವರ್ಷ ಒಂದು ಮುಂಜಾನೆ ಲಾಲ್‌ಬೀ ಕಿರಿಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಈಗ ಆಕೆಯೇ ಓಣಿಯ ಬಾಣಂತಿಯರ ಆರೈಕೆಗೆ ಹೋಗುತ್ತಿದ್ದಳು. ಕುಡಿಕೆಯಲ್ಲಿ ಒಣಕೊಬ್ಬರಿ ಇಟ್ಟು ಹೂಳುತ್ತೇನೆ, ಮಾಸನ್ನು ಸೆರಗಿನಲ್ಲಿ ನಿಮಗೆ ತಂದು ಕೊಡುತ್ತೇನೆ, ಪಿಟ್ಟೆನ್ನುವುದಿಲ್ಲ ಎಂದಳು.

ಕಸ್ತೂರೆಮ್ಮ ಭೂತಗನ್ನಡಿಯ ಅರಿವೆ ಅರ್ಧ ಬಿಚ್ಚಿ, ಮತ್ತೆ ಸುತ್ತಿಟ್ಟಳು. ಆಮೇಲೆ ಮಗುವಿನ ಕೆನ್ನೆ ಮುಟ್ಟಿ ಹೇಳಿದಳು:

“ಬ್ಯಾಡ ಲಾಲ್‌ಬೀ. ಮಾಸು ಒಂದ ತಂದ್ರ ಸಾಲದು. ಕಾಲು ಯಾವಾಗ ಬಾತವು, ಕಣ್ಣು ಯಾವಾಗ ಮಂಜಾದವು ಅಂತ ಅದರ ತಾಯಿ ನನ್ನ ಮುಂದ ಕುಂತು ಹೇಳಬೇಕು. ಕದ್ದು ತಂದದ್ದರ ತಾಯೀನ್ನ ನಾ ಹ್ಯಾಂಗ ಕೇಳಲಿ? ಅವರಾಗೇ ಕೊಟ್ಟಾಗ ಕೊಡ್ಲಿ. ನೀ ಮನಿಗೆ ನಡಿ, ಬಿಸಿಲು ಏರಾಕತ್ತೈತಿ.”