ಒಂದೇ ಕ್ಯಾಮೆರಾ, ಎರಡು ಜೊತೆ ಕಣ್ಣು

ಮಾನ್ಯ ಓದುಗ ಮಹಾಶಯರೇ,

ಮೊದಲಿಗೆ ಒಂದು ಅರಿಕೆ. ಈ ಬರಹದಲ್ಲಿ ಅಲ್ಪಪ್ರಾಣ ಇರಬೇಕಾದೆಡೆ ಮಹಾಪ್ರಾಣವೂ, ಮಹಾಪ್ರಾಣ ಇರಬೇಕಾದೆಡೆ ಏನೂ ಇಲ್ಲದಿರುವುದೂ ಕಂಡುಬಂದಲ್ಲಿ ದಯವಿಟ್ಟು ಮನ್ನಿಸಬೇಕು. ಕೈಬರಹವೂ ಅಂದವಾಗಿಲ್ಲ. ಅದನ್ನು ಓದಬಲ್ಲ ಬೆರಳಚ್ಚುಗಾರ್ತಿಯೊಬ್ಬರು ನಮ್ಮ ಕಚೇರಿಯಲ್ಲಿದ್ದರು. ಅವರಿಗೆ ವರ್ಗವಾದ ಮೇಲೆ ನನ್ನ ಟಿಪ್ಪಣಿಗಳನ್ನು ನಾನೇ ಓದಿ ಹೇಳಬೇಕಾಗಿದೆ, ಕೆಲವೊಮ್ಮೆ ನನ್ನಿಂದಲೂ ಆಗುವುದಿಲ್ಲ. ಈವರೆಗೆ ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆಯದವನು ಪ್ರಬಂಧಕ್ಕೆ ಕೈಹಾಕಿರುವುದರಿಂದ, ರೂಢಿಯಂತೆ ಮೊದಲೇ ನಮೂದಿಸಿಬಿಡುವುದು ಕ್ಷೇಮ. ವಿಷಯ: ನನ್ನ ಹೊಟ್ಟೆಕಿಚ್ಚು. ಉಲ್ಲೇಖ: ನನ್ನ ಹೆಂಡತಿ ಸುಮಂಗಳಾ ತೆಗೆಯುವ ಫೋಟೊಗಳು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ದಾವಣಗೆರೆ ಕಡೆಯವರಾದ ನಾವಿಬ್ಬರೂ ಬಾಣಸವಾಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಸವಾಗಿದ್ದೇವೆ. ಮನೆಯಲ್ಲಿರುವುದು ಒಂದೇ ಪುಟ್ಟ ಕ್ಯಾಮೆರಾ. ಅದನ್ನು ತಂದವನು ನಾನು. ಅದರ ಕೈಪಿಡಿಯನ್ನು ಸುತ್ತೋಲೆಯಂತೆ ಓದಿ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದವನೂ ನಾನು. ಅವಳು ಕೈಪಿಡಿಯ ಮುಖವನ್ನೂ ನೋಡಿಲ್ಲ. ಆದರೂ ಅವಳ ಫೋಟೊದಲ್ಲಿ ಇರುವೆಯ ಮೀಸೆ ಎಣಿಸಬಹುದು. ನನ್ನ ಫೋಟೊದಲ್ಲಿ ಆನೆಯನ್ನು ಊಹಿಸಬೇಕು. ಬೇರೆ ಬೇರೆ ಕ್ಯಾಮೆರಾ ಇದ್ದಿದ್ದರೆ ಯಂತ್ರದ ಮೇಲೆ ತಪ್ಪು ಹೊರಿಸಬಹುದಿತ್ತು. ಆ ಅವಕಾಶವೂ ಇಲ್ಲ.

ಹೀಗಿರುವಾಗ ನಮ್ಮ ನಿವಾಸಿಗಳ ಸಂಘದವರು ಹೊಸ ವರ್ಷಕ್ಕೆ ಒಂದೇ ಹಾಳೆಯ ಗೋಡೆ ಕ್ಯಾಲೆಂಡರ್ ಹೊರತರಲು ತೀರ್ಮಾನಿಸಿದರು. ನಿವಾಸಿಗಳೇ ತೆಗೆದ ಒಂದು ಫೋಟೊ, ಅದರ ಕೆಳಗೆ ತೆಗೆದವರ ಹೆಸರು. ವಿಷಯ: ‘ಅಚ್ಚುಕಟ್ಟು’. ನಮ್ಮ ನೀರಾವರಿ ಕಚೇರಿಯಲ್ಲಿ ಅಚ್ಚುಕಟ್ಟು ಎಂದರೆ ಕೆರೆಯ ನೀರುಣ್ಣುವ ಜಮೀನು. ಮನೆಯಲ್ಲಿ ಎಂದರೆ ಸುಮಂಗಳಾ ಮಡಿಸಿಟ್ಟ ಬಟ್ಟೆ. ಎರಡೂ ಅರ್ಥಗಳಲ್ಲಿ ನನ್ನ ಪಾಲು ಸೊನ್ನೆ. ಆದರೂ ಆ ಕೆಳಗಿನ ಹೆಸರು ನನ್ನದೇ ಆಗಬೇಕೆಂಬ ಆಸೆ ಹುಟ್ಟಿತು. ಕಾರಣವಿಷ್ಟೆ: ಇಷ್ಟು ವರ್ಷ ನಾನು ಕರಡು ಬರೆದ ಪತ್ರಗಳೆಲ್ಲ ಮೇಲಧಿಕಾರಿಗಳ ಸಹಿಯಲ್ಲಿ ಹೊರಟಿವೆ. ಯಾವ ಹಾಳೆಯ ಕೆಳಗೂ ನನ್ನ ಹೆಸರು ಅಚ್ಚಾಗಿ ಬಂದದ್ದಿಲ್ಲ. ಒಮ್ಮೆ ಬರಲಿ ಎನಿಸಿತು.

ಭಾನುವಾರಗಳಂದು ಇಬ್ಬರೂ ಹೊರಟೆವು. ಶಿವಾಜಿನಗರದ ಓಣಿಯೊಂದರಲ್ಲಿ ಲೇತ್ ಯಂತ್ರ ಓಡುತ್ತಿತ್ತು. ತಿರುಗುವ ಕಬ್ಬಿಣದಿಂದ ಸಿಪ್ಪೆ ಸುರುಳಿಯಾಗಿ ಇಳಿಯುತ್ತಿತ್ತು, ಒಂದು ಸುರುಳಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಾನು ಸೇಬಿನ ಸಿಪ್ಪೆಯನ್ನೂ ಒಂದೇ ಎಳೆಯಲ್ಲಿ ತೆಗೆದವನಲ್ಲ. ನಿರ್ಜೀವ ಯಂತ್ರವೊಂದರ ಮೇಲೆ ಅಸೂಯೆ ಪಡಬಹುದೆಂದು ಅಂದೇ ತಿಳಿಯಿತು. ಸುಮಂಗಳೆಯ ಫೋಟೊದಲ್ಲಿ ಆ ಸುರುಳಿಗಳು ಹಾಗೆಯೇ ಹೊಳೆಯುತ್ತಾ ನಿಂತವು. ನನ್ನದರಲ್ಲಿ ಯಂತ್ರವೆಲ್ಲ ಮಂಜು. ಹಿಂದಿನ ಗೋಡೆಯ ಮೇಲಿದ್ದ ‘ಧೂಮಪಾನ ನಿಷೇಧಿಸಿದೆ’ ಎಂಬ ಫಲಕ ಮಾತ್ರ ಅತ್ಯಂತ ಸ್ಪಷ್ಟ. ಸೂಚನಾ ಫಲಕ ಕಂಡರೆ ನನ್ನ ಕೈಯಲ್ಲಿರುವ ಕ್ಯಾಮೆರಾವೂ ಎದ್ದು ನಿಲ್ಲುತ್ತದೆ.

ಹಲಸೂರಿನ ಮಾರುಕಟ್ಟೆ ಬಳಿ ಹೂವು ಕಟ್ಟುತ್ತಾ ಕುಳಿತ ಹೆಂಗಸಿನದೂ ಇದೇ ಕಥೆ. ಆಕೆ ಪಕ್ಕದವಳೊಂದಿಗೆ ತಮಿಳಿನಲ್ಲಿ ಜಗಳವಾಡುತ್ತಲೇ ಮಲ್ಲಿಗೆ ಕಟ್ಟುತ್ತಿದ್ದಳು. ಜಗಳ ಏರಿದರೂ ಗಂಟುಗಳ ಅಂತರ ಏರುಪೇರಾಗುತ್ತಿರಲಿಲ್ಲ. ನಾನು ಬೆಳಕನ್ನು ಅಳೆದು, ಕೈಪಿಡಿಯನ್ನು ಸ್ಮರಿಸಿ, ಗುಂಡಿ ಒತ್ತುವಷ್ಟರಲ್ಲಿ ಮಾಲೆ ಮುಗಿದು ಬಾಳೆ ಎಲೆ ಸೇರಿರುತ್ತಿತ್ತು.

“ಸಾರ್, ಎಷ್ಟೊತ್ತು ನೋಡ್ತೀರಾ? ಹೂವು ಬಾಡೋಗುತ್ತೆ. ಒಂದ್ ಮೊಳ ತಗೊಂಡು ಮೇಡಮ್ಮೋರಿಗೆ ಕ್ಯಾಮೆರಾ ಕೊಡಿ” ಎಂದಳು ಆಕೆ.

ಎರಡನ್ನೂ ಪಾಲಿಸಿದೆ.

ನನಗೂ ಒಂದು ದಿನ ಒಲಿದು ಬಂತು. ಹಲಸೂರು ಕೆರೆಯ ಕಂಬಿಬೇಲಿಯಲ್ಲಿ ಜೇಡವೊಂದು ಬಲೆ ನೇಯ್ದಿತ್ತು. ಎಳೆ ಎಳೆಯ ಮೇಲೂ ಬೆಳಗಿನ ಹನಿ. ಅಳತೆಪಟ್ಟಿ ಇಲ್ಲ, ಮಂಜೂರಾದ ನಕ್ಷೆ ಇಲ್ಲ, ಮೇಲ್ವಿಚಾರಕರಂತೂ ಇಲ್ಲವೇ ಇಲ್ಲ. ಆದರೂ ಸುತ್ತುಗಳೆಲ್ಲ ಸರಿಸಮ. ಅದರ ಮೇಲೂ ಹೊಟ್ಟೆ ಉರಿಯಿತು. ಉರಿಯುತ್ತಲೇ ಗುಂಡಿ ಒತ್ತಿದೆ. ಗಾಳಿ ನಿಂತಿತ್ತೋ, ಕೈ ನಡುಗುವುದನ್ನು ಮರೆತಿತ್ತೋ ಕಾಣೆ, ಫೋಟೊ ಅಚ್ಚುಕಟ್ಟಾಗಿ ಬಂತು. ಅದನ್ನೇ ಸಂಘಕ್ಕೆ ಸಲ್ಲಿಸಿದೆ. ಸುಮಂಗಳಾ ತನ್ನ ಹೂವಿನ ಫೋಟೊವನ್ನೂ ನನ್ನ ಕೈಯಲ್ಲೇ ಕೊಟ್ಟು ಕಳುಹಿಸಿದಳು.

ಸಂಘದ ಕಾರ್ಯದರ್ಶಿಗಳಾದ ಫ್ರಾನ್ಸಿಸ್ ಅವರು ನನ್ನ ಬಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೂಲೆಯನ್ನು ಬೆರಳಿನಿಂದ ಮುಟ್ಟಿದರು. ಅಲ್ಲಿ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ಆ ದಿನದ ತಾರೀಖು ಮೂಡಿತ್ತು. ತಾರೀಖಿಲ್ಲದ ಕಾಗದಕ್ಕೆ ಬೆಲೆಯಿಲ್ಲವೆಂದು ನಂಬಿದ ನಾನು ಕ್ಯಾಮೆರಾ ಹಿಡಿದಾಗಲೆಲ್ಲ ತಾರೀಖು ಮೂಡಿಸುವ ಏರ್ಪಾಡನ್ನು ಹಾಕುತ್ತೇನೆ. ಸುಮಂಗಳಾ ಹಿಡಿದಾಗಲೆಲ್ಲ ತೆಗೆಯುತ್ತಾಳೆ. “ಜೇಡಕ್ಕೆ ಯಾಕ್ರೀ ತಾರೀಖು, ಅದೇನ್ ರಜೆಗೆ ಅರ್ಜಿ ಹಾಕೈತಾ?” ಎಂದು ಅವಳು ಅಂದೇ ಕೇಳಿದ್ದಳು.

“ಫೋಟೊ ಸೂಪರ್ ಸರ್. ಆದ್ರೆ ಕ್ಯಾಲೆಂಡರ್ ಮೇಲೆ ಇನ್ನೊಂದ್ ಡೇಟ್ ಇದ್ರೆ ಜನ ಯಾವ್ದನ್ನ ನಂಬ್ಬೇಕು?” ಎಂದರು ಫ್ರಾನ್ಸಿಸ್.

ಅಂಕಿಗಳು ಬಲೆಯ ಮೇಲೆಯೇ ಬಿದ್ದಿದ್ದವು. ಕತ್ತರಿಸಿದರೆ ಬಲೆಯೂ ಹೋಗುತ್ತಿತ್ತು. ಹೂವಿನ ಫೋಟೊ ಆಯ್ಕೆಯಾಯಿತು.

ಅಂದು ಮನೆಯಲ್ಲಿ ಸುಮಂಗಳಾ ಪಾಯಸ ಮಾಡಿದಳು. ಚೆನ್ನಾಗಿತ್ತು. ಚೆನ್ನಾಗಿರದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮುಂದಿನ ವಾರ ಫ್ರಾನ್ಸಿಸ್ ಅವರು ಅಚ್ಚಿಗೆ ಹೋಗಲಿರುವ ಹಾಳೆಯನ್ನು ನನ್ನ ಮೊಬೈಲಿಗೆ ಕಳುಹಿಸಿದರು. ಸಂಘದ ಪ್ರಕಟಣೆಗಳ ಕನ್ನಡವನ್ನು ತಿದ್ದುವ ಹೊಣೆ ನನ್ನದು. ಮೇಲೆ ಹೂವಿನ ಫೋಟೊ, ಕೆಳಗೆ ಛಾಯಾಗ್ರಾಹಕರ ಜಾಗದಲ್ಲಿ ‘ಶ್ರೀ’ ಎಂದಿಟ್ಟು ನನ್ನ ಹೆಸರು. ದುರುದ್ದೇಶವೇನಿಲ್ಲ. ಸಂಘದ ಕಡತದಲ್ಲಿ ನಮ್ಮ ಮನೆಗೆ ಇರುವುದು ನನ್ನ ಹೆಸರೊಂದೇ. ನೀರಿನ ಬಿಲ್ಲಿಗೂ ಅದೇ, ಗಣೇಶನ ಪ್ರಸಾದದ ಪೊಟ್ಟಣಕ್ಕೂ ಅದೇ.

ಬೆನ್ನ ಹಿಂದಿನಿಂದ ಸುಮಂಗಳಾ ನೋಡಿಬಿಟ್ಟಳು.

“ಇರ್ಲಿ ಬಿಡ್ರಿ, ನಿಮ್ಗೂ ಆಸೆ ಇತ್ತು” ಎಂದವಳು ಕುಕ್ಕರ್ ಕೂಗಿತೆಂದು ಒಳಗೆ ಹೋದಳು.

ಫೋಟೊ ತೆಗೆಯುವುದರಲ್ಲಿ ಮೇಲುಗೈ ಆಗಿದ್ದು ಸಾಲದೆ ಇವಳಿಗೆ ಈ ದೊಡ್ಡತನವೂ ಇದೆಯಲ್ಲ ಎಂದು ಇನ್ನೊಂದು ಸುತ್ತು ಹೊಟ್ಟೆ ಉರಿಯಿತು. ಹಾಳೆಯನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಹೆಸರು ಅಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಫೋಟೊದಲ್ಲಾದರೂ ಕುಂದು ಸಿಕ್ಕೀತೇ ಎಂದು ಹುಡುಕಿದೆ. ಬೆರಳು ಬಿಟ್ಟ ನೂಲಿನ ಕುಣಿಕೆ ಗಾಳಿಯಲ್ಲಿ ದುಂಡಗೆ ನಿಂತಿದೆ, ಇನ್ನೂ ಬಿಗಿದಿಲ್ಲ. ಅದರೊಳಗೆ ಮೊಗ್ಗುಗಳ ತೊಟ್ಟುಗಳು ಈಗಷ್ಟೇ ತಲೆ ತೂರಿಸಿವೆ. ಚೂರು ಮೊದಲು ಒತ್ತಿದ್ದರೆ ಕುಣಿಕೆ ಇರುತ್ತಿರಲಿಲ್ಲ, ಚೂರು ತಡವಾಗಿದ್ದರೆ ಬರೀ ಗಂಟು. ಕುಂದಿಲ್ಲ. ತಿಂಗಳುಗಳ ಹೆಸರು ಸರಿ, ಹಬ್ಬಗಳು ಸರಿ. ಇಡೀ ಹಾಳೆಯಲ್ಲಿ ತಪ್ಪಿದ್ದದ್ದು ಒಂದೇ ಸಾಲು. ಅದು ನನಗೆ ಬೇಕಾಗಿದ್ದ ಸಾಲು.

ತಪ್ಪು ಕಂಡ ಮೇಲೆ ತಿದ್ದದೆ ಬಿಡುವುದು ನನ್ನ ಕೈಗೆ ಅಭ್ಯಾಸವಿಲ್ಲ. ಇದನ್ನು ಸದ್ಗುಣವೆಂದು ಪರಿಗಣಿಸಬಾರದಾಗಿ ವಿನಂತಿ. ಮನಸ್ಸು ಬೇಡವೆನ್ನುತ್ತಿದ್ದಾಗಲೇ ಫ್ರಾನ್ಸಿಸ್ ಅವರಿಗೆ ಫೋನು ಮಾಡಿ, ಅದು ನಮ್ಮ ಮನೆಯವರು ತೆಗೆದದ್ದೆಂದು ತಿಳಿಸಿದೆ.

“ನಂಗೂ ಡೌಟ್ ಬಂತು ಸರ್, ಡೇಟ್ ಇರ್ಲಿಲ್ವಲ್ಲ” ಎಂದರು ಅವರು.

ಕ್ಯಾಲೆಂಡರ್ ಈಗ ಎಲ್ಲರ ಮನೆಯ ಗೋಡೆಯಲ್ಲೂ ಇದೆ, ‘ಶ್ರೀಮತಿ ಸುಮಂಗಳಾ’ ಎಂಬ ಹೆಸರಿನೊಂದಿಗೆ. ನೆರೆಯವರು ಹೊಗಳಿದರು, ಹೊಗಳಿ ಮರೆತರು. ಅವರು ನೋಡುವುದು ಏಕಾದಶಿಯನ್ನು, ಗ್ಯಾಸ್ ಸಿಲಿಂಡರ್ ಬಂದ ದಿನದ ಗುರುತನ್ನು. ದಿನವೂ ಕಾಫಿ ಹಿಡಿದು ಅದರ ಮುಂದೆ ನಿಂತು ಆ ಕುಣಿಕೆಯನ್ನೇ ನೋಡುವವನು ನಾನೊಬ್ಬನೇ. ಇನ್ನೂ ಹೊಟ್ಟೆ ಉರಿಯುತ್ತದೆ. ಆದರೆ ಆ ಫೋಟೊವನ್ನು ನನ್ನಷ್ಟು ಚೆನ್ನಾಗಿ ನೋಡಿದವರು ಈ ಊರಿನಲ್ಲಿ ಬೇರೆ ಯಾರೂ ಇಲ್ಲ. ಮೆಚ್ಚಿದವರು ಒಮ್ಮೆ ನೋಡುತ್ತಾರೆ. ಕುಂದು ಹುಡುಕುವವನು ಮತ್ತೆ ಮತ್ತೆ ನೋಡುತ್ತಾನೆ.

ಆದಕಾರಣ, ಈ ಬರಹದಲ್ಲಿ ತಪ್ಪುಗಳು ಕಂಡಲ್ಲಿ ಸಂಕೋಚವಿಲ್ಲದೆ ತಿದ್ದಬೇಕಾಗಿ ಪ್ರಾರ್ಥನೆ. ಆ ನೆಪದಲ್ಲಾದರೂ ತಾವು ಇದನ್ನು ಎರಡು ಸಲ ಓದಿದಂತಾಗುತ್ತದೆ.